ಸೊಕ್ಕಿನ ವರ್ಗಮೂಲ

ಚೆನ್ನಾಗಿದ್ದ ಮೂರು ಕಾಯಿಲ್‌ಗಳನ್ನು ಕತ್ತರಿಸಿ ಗುಡ್ಡೆ ಹಾಕಿದ ಮೇಲೆ ಯಾವ ಮಾವನಿಗೆ ತಾನೇ ಸೊಸೆಯ ಮೇಲೆ ನಂಬಿಕೆ ಉಳಿದೀತು? ಅದೂ ಟೆಸ್ಟಿಂಗ್ ಟೇಬಲ್ಲಿನ ಮುಂದೆ ಕೂತ ಮೊದಲನೆಯ ಬೆಳಿಗ್ಗೆಯೇ. ಹಾಗಂತ ಕೆಲಸ ಬಾರದವಳೇನಲ್ಲ. ಸುಟ್ಟುಹೋದ ಮೋಟರ್‌ಗಳಿಗೆ ಹೊಸ ತಾಮ್ರದ ತಂತಿ ಸುತ್ತಿ ಕಾಯಿಲ್ ಮಾಡಿಕೊಡುವ ಅಂಗಡಿ ಅದು. ಮದುವೆಯಾಗಿ ಬಂದ ಹೊಸದರಲ್ಲಿ ಹೊತ್ತು ಹೋಗದೆ ಮಾವನ ಪಕ್ಕ ಕೂತು ಕಲಿತವಳು, ಈಗ ಗಿರಾಕಿಗಳೇ "ಸೊಸೆ ಕೈಯಲ್ಲೇ ಸುತ್ತಿಸಿ" ಎಂದು ಕೇಳುವ ಮಟ್ಟಕ್ಕೆ ಬಂದಿದ್ದಳು. ಗಂಡ ಲಾರಿ ಓಡಿಸುತ್ತಿದ್ದ. ತಂತಿಗೆ ಬಳಿಯುವ ವಾರ್ನಿಷ್ ವಾಸನೆ ಅಂದರೆ ಅವನಿಗೆ ತಲೆನೋವು. ಹಾಗಾಗಿ ಅಂಗಡಿ ಅಂದರೆ ಮಾವ, ಸೊಸೆ, ಮತ್ತು ಇಬ್ಬರ ಮೇಲೂ ಕಣ್ಣಿಟ್ಟಿರುವ ಅತ್ತೆ.

ಆದರೆ ಸುತ್ತುವುದು ಬೇರೆ, ಟೇಬಲ್ಲು ಬೇರೆ. ಸುತ್ತಿದ ಕಾಯಿಲ್ ಸರಿಯಿದೆಯೋ ಇಲ್ಲವೋ ಎಂದು ತೀರ್ಪು ಕೊಡುವವರು ಕೂರುವ ಜಾಗ ಅದು. ಅಲ್ಲಿ ಮಾವನನ್ನು ಬಿಟ್ಟು ಇನ್ನೊಬ್ಬರು ಕೂತದ್ದೇ ಇಲ್ಲ. ಈಗ ಅವರ ಎರಡೂ ಕಣ್ಣಿಗೆ ಪೊರೆ ಬಂದು ಮೀಟರಿನ ಮುಳ್ಳು ಕಾಣದಂತಾಗಿತ್ತು. ಅತ್ತೆ ಪಕ್ಕದಲ್ಲಿ ನಿಂತು ಮೀಟರ್ ಓದಿ ಹೇಳಬೇಕು, ಇವರು ಕೇಳಿ ತಲೆಯಾಡಿಸಬೇಕು. ಹೀಗೆ ಎಷ್ಟು ದಿನ? ಟೇಬಲ್ಲು ತನಗೆ ಬೇಕು ಎಂದು ಸೊಸೆ ಬಾಯಿಬಿಟ್ಟೇ ಕೇಳಿದ್ದಳು. ಬೇಕು ಅಂದರೆ ಅಷ್ಟಿಷ್ಟಲ್ಲ, ಊಟ ಮಾಡುವಾಗಲೂ ಅದೇ ಧ್ಯಾನ.

ಅಲ್ಲಿನ ಪರೀಕ್ಷೆ ನೋಡುವುದಕ್ಕೆ ಬಲು ಸುಲಭ. ಒಂದು ದೊಡ್ಡ ಬಲ್ಬು, ಅದರ ಬೆನ್ನಿಗೆ ಕಾಯಿಲ್, ಎರಡನ್ನೂ ಒಂದೇ ಸಾಲಿನಲ್ಲಿ ಕಟ್ಟಿ ಇನ್ನೂರು ವೋಲ್ಟ್ ಕೊಡುವುದು. ಬಲ್ಬಿನ ಮೇಲೆ ಎಷ್ಟು ವೋಲ್ಟ್ ಇದೆ, ಕಾಯಿಲ್ ಮೇಲೆ ಎಷ್ಟು ಎಂದು ಅಳೆಯುವುದು. ಸೊಸೆ ಅಳೆದಳು. ಬಲ್ಬಿನ ಮೇಲೆ ನೂರ ಅರವತ್ತು, ಕಾಯಿಲ್ ಮೇಲೆ ನೂರ ಇಪ್ಪತ್ತು. ಕೂಡಿದರೆ ಇನ್ನೂರ ಎಂಬತ್ತು. ಕೊಟ್ಟಿದ್ದೇ ಇನ್ನೂರು, ಇಬ್ಬರು ಹಂಚಿಕೊಂಡದ್ದು ಇನ್ನೂರ ಎಂಬತ್ತು ಹೇಗಾದೀತು? ಕಾಯಿಲ್ ಕೆಟ್ಟಿದೆ ಎಂದು ಕಟಿಂಗ್ ಪ್ಲೇಯರ್ ತೆಗೆದುಕೊಂಡು ಕಚಕ್ ಎನಿಸಿದಳು. ಎರಡನೆಯದೂ ಹಾಗೆಯೇ ಬಂತು, ಕಚಕ್. ಮೂರನೆಯದು ಮುಗಿಯುವ ಹೊತ್ತಿಗೆ ಮಾವ ಕಣ್ಣಿನ ಡಾಕ್ಟರ ಬಳಿಯಿಂದ ವಾಪಸ್ಸು ಬಂದರು.

"ಅಯ್ಯೋ ತಾಯಿ, ಏನು ಮಾಡಿಟ್ಟೆ?" ಎಂದು ಅಲ್ಲೇ ಸ್ಟೂಲಿನ ಮೇಲೆ ಕುಸಿದರು. "ಹೆಚ್ಚು ಬಂದ್ರೇನೇ ಕಣಮ್ಮಾ ಕಾಯಿಲ್ ಚೆನ್ನಾಗಿದೆ ಅಂತ. ಅದು ಕಾಯಿಲ್‌ನ ಸೊಕ್ಕು. ಸೊಕ್ಕಿಲ್ಲದೆ ಲೆಕ್ಕ ಸರಿಯಾಗಿ ಕೂಡ್ತು ಅಂದ್ರೆ ಒಳಗೆ ಎಲ್ಲೋ ಸುಟ್ಟಿದೆ ಅಂತ ಅರ್ಥ."

"ಎಷ್ಟು ಸೊಕ್ಕು ಇರಬೇಕು, ಮಾವ?"

"ಅದನ್ನೆಲ್ಲ ಹೇಳಿಕೊಡೋಕೆ ಆಗಲ್ಲ. ಕೂತು ಕೂತು ಗೊತ್ತಾಗಬೇಕು."

ಅವರು ಬೈಯಲಿಲ್ಲ, ಅದೇ ಕಷ್ಟವಾದದ್ದು. ಸಂಜೆ ಪಕ್ಕದ ಊರಿನಲ್ಲಿದ್ದ ತಮ್ಮ ಅಕ್ಕನ ಮಗನಿಗೆ ಫೋನ್ ಮಾಡಿ, ಮುಂದಿನ ಸೋಮವಾರ ಬಂದು ಟೇಬಲ್ಲು ನೋಡಿಕೋ ಎಂದರು. ಸೊಸೆ ಒಳಗಿನಿಂದ ಕೇಳಿಸಿಕೊಂಡಳು, ಅನ್ನದ ತಟ್ಟೆಯನ್ನು ಹಾಗೇ ಸರಿಸಿಟ್ಟಳು.

"ಮುಖ ಊದಿಸಿಕೊಂಡು ಕೂತ್ರೆ ಟೇಬಲ್ಲು ನಡ್ಕೊಂಡು ಬರುತ್ತಾ?" ಎಂದರು ಅತ್ತೆ. ಅಕ್ಕನ ಮಗನೆಂದರೆ ಅವರಿಗೆ ಅಷ್ಟಕ್ಕಷ್ಟೇ. "ಅವನು ಬಲ್ಬು ಬದಲಾಯಿಸೋಕೆ ಏಣಿ ಹತ್ತಿದ್ರೆ ಕೆಳಗೆ ಹಿಡ್ಕೊಳ್ಳೋಕೆ ಇಬ್ಬರು ಬೇಕು. ನೀನು ಆ ಕರೆಂಟ್ ಕೆಲಸದ ಲೈಸೆನ್ಸ್ ಪರೀಕ್ಷೆ ಕ್ಲಾಸಿಗೆ ಹೋಗ್ತಿದ್ದೀಯಲ್ಲ, ಅಲ್ಲಿ ಕೇಳು. ದುಡ್ಡು ಕಟ್ಟಿರೋದು ಬೆಂಚು ಬೆಚ್ಚಗೆ ಮಾಡೋಕಲ್ಲ."

ಆ ಕ್ಲಾಸಿನಲ್ಲಿ ಏನು ನಡೆಯುತ್ತಿತ್ತು ಅನ್ನುವುದು ಅತ್ತೆಗೆ ಗೊತ್ತಿರಲಿಲ್ಲ, ಪುಣ್ಯಕ್ಕೆ. ಹಿಂದಿನ ವಾರ ಗಣಿತದ ಮೇಷ್ಟ್ರು ಬೋರ್ಡಿನ ಮೇಲೆ ಮೈನಸ್ ಹದಿನಾರರ ವರ್ಗಮೂಲ ಅಂತ ಬರೆದಿದ್ದರು. ನಾಲ್ಕನ್ನು ನಾಲ್ಕರಿಂದ ಗುಣಿಸಿದರೆ ಹದಿನಾರು. ಮೈನಸ್ ನಾಲ್ಕನ್ನು ಮೈನಸ್ ನಾಲ್ಕರಿಂದ ಗುಣಿಸಿದರೂ ಹದಿನಾರೇ. ಹಾಗಾದರೆ ಮೈನಸ್ ಹದಿನಾರು ಕೊಡುವ ಸಂಖ್ಯೆ ಯಾವುದು? ಮಾಮೂಲಿ ಸಂಖ್ಯೆಗಳಲ್ಲಿ ಇಲ್ಲ. ಅದಕ್ಕೇ ಮೈನಸ್ ಒಂದರ ವರ್ಗಮೂಲಕ್ಕೆ 'ಐ' ಅಂತ ಹೆಸರಿಟ್ಟು, ಉತ್ತರ ನಾಲ್ಕು ಐ ಅಂದರು. ಇದಕ್ಕೆ ಕಾಲ್ಪನಿಕ ಸಂಖ್ಯೆ ಅಂತಾರೆ, ಪರೀಕ್ಷೆಗೆ ಬರುತ್ತೆ, ಬರೆದುಕೊಳ್ಳಿ. ಎಲ್ಲರೂ ಬರೆದುಕೊಂಡರು. ಮನೆಗೆ ಬಂದು ಸೊಸೆ ಇದನ್ನು ಹೇಳಿದಾಗ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. "ಇಲ್ಲದೇ ಇರೋದಕ್ಕೆ ಹೆಸರಿಡೋಕೂ ಸಂಬಳ ಕೊಡ್ತಾರಲ್ಲ, ನಾವು ಸುಮ್ಮನೆ ತಾಮ್ರ ಸುತ್ತಿಕೊಂಡು ಕೂತ್ವಿ."

ಮೂರು ಕಾಯಿಲ್ ಕತ್ತರಿಸಿದ ಮರುದಿನ ಸೊಸೆ ಕ್ಲಾಸಿಗೆ ಹೋದಾಗ ತಲೆ ಕೆಟ್ಟು ಕೆರವಾಗಿತ್ತು. ಮೇಷ್ಟ್ರು ಮತ್ತೆ ಅದೇ ಐ ಹಿಡಿದುಕೊಂಡು ಬಂದರು. ಇವಳಿಗೆ ತಡೆಯಲಾಗಲಿಲ್ಲ.

"ಸರ್, ಇದು ಎಲ್ಲಿದೆ?" ಎಂದಳು. "ಮೂರು ಅಂದ್ರೆ ಮೂರು ಸ್ಕ್ರೂ ತೋರಿಸ್ತೀನಿ. ಮೈನಸ್ ಮೂರು ಅಂದ್ರೆ ಹಿಂದಕ್ಕೆ ಮೂರು ಸುತ್ತು ಬಿಚ್ಚಿ ತೋರಿಸ್ತೀನಿ. ಈ ಐ ಎಲ್ಲಿದೆ ಅಂತ ತೋರಿಸಿ ಸರ್, ಆಮೇಲೆ ಬರೆದುಕೊಳ್ತೀನಿ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು. ಬೈಯುತ್ತಾರೆ ಎಂದುಕೊಂಡಳು. ಅವರ ಮುಖ ನೋಡಿದರೆ, ವರ್ಷಾನುಗಟ್ಟಲೆ ಯಾರೂ ಕೇಳದ ಪ್ರಶ್ನೆಯನ್ನು ಯಾರೋ ಕೇಳಿಬಿಟ್ಟರಲ್ಲ ಅನ್ನುವ ಖುಷಿ.

"ಎದ್ದು ಬನ್ನಿ ಇಲ್ಲಿ," ಎಂದರು. "ಬಾಗಿಲ ಕಡೆ ಮುಖ ಮಾಡಿ ನಿಂತ್ಕೊಳ್ಳಿ. ಬಾಗಿಲ ಕಡೆ ಅಂದ್ರೆ ಪ್ಲಸ್. ಈಗ ಮೈನಸ್ ಒಂದರಿಂದ ಗುಣಿಸ್ತೀನಿ. ಯಾವ ಕಡೆ ತಿರುಗ್ತೀರಿ?"

"ಹಿಂದಕ್ಕೆ." ಅವಳು ಬೋರ್ಡಿನ ಕಡೆ ತಿರುಗಿದಳು.

"ಸರಿ. ಮತ್ತೆ ಬಾಗಿಲ ಕಡೆ ಬನ್ನಿ. ಈ ಸಲವೂ ಬೋರ್ಡಿನ ಕಡೆಗೇ ತಿರುಗಬೇಕು, ಆದ್ರೆ ಒಂದೇ ಏಟಿಗಲ್ಲ. ಒಂದೇ ಥರದ ತಿರುವು, ಎರಡು ಸಲ. ಮೊದಲನೇ ಸಲ ಎಲ್ಲಿಗೆ ತಿರುಗ್ತೀರಿ?"

ಅವಳು ಯೋಚಿಸಲೇ ಇಲ್ಲ, ಕಾಲೇ ತಿರುಗಿತು. ಮುಖ ಕಿಟಕಿಯ ಕಡೆ ಬಂತು.

"ಇನ್ನೊಂದು ಸಲ."

ಬೋರ್ಡು ಎದುರಿಗೆ ಬಂತು.

"ನೀವು ಕಿಟಕಿ ಕಡೆ ತಿರುಗಿದ್ರಲ್ಲ, ಅದೇ ಮೈನಸ್ ಒಂದರ ವರ್ಗಮೂಲ," ಎಂದರು ಮೇಷ್ಟ್ರು. "ಎರಡು ಸಲ ಮಾಡಿದ್ರೆ ಮೈನಸ್ ಒಂದು. ಬಾಗಿಲಿಂದ ಬೋರ್ಡಿಗೆ ಎಳೆದ ಗೆರೆ ಮೇಲೆ ಹುಡುಕಿದ್ರೆ ಸಿಗಲ್ಲ. ಯಾಕೆ ಅಂದ್ರೆ ಅದು ಆ ಗೆರೆ ಮೇಲೆ ಇಲ್ಲ, ಅಡ್ಡಕ್ಕಿದೆ. ಕಾಲ್ಪನಿಕ ಅಂತ ಯಾರೋ ಹೆಸರಿಟ್ಟು ಪಾಪ ಅದರ ಮಾನ ಕಳೆದ್ರು ಅಷ್ಟೇ."

ಅವಳು ಕಿಟಕಿಯ ಕಡೆ ಮತ್ತೊಮ್ಮೆ ತಿರುಗಿ ನೋಡಿದಳು. ಅಡ್ಡಕ್ಕೆ. ಅಡ್ಡಕ್ಕೆ ಇರುವುದನ್ನು ಉದ್ದಕ್ಕೆ ಇರುವುದರ ಜೊತೆ ಕೂಡಿದರೆ ಲೆಕ್ಕ ಹೇಗೆ ಸರಿಹೋದೀತು? ನಿನ್ನೆಯ ಇನ್ನೂರ ಎಂಬತ್ತು ಕಣ್ಣ ಮುಂದೆ ಬಂತು.

"ಸರ್, ಬಲ್ಬಿನ ವೋಲ್ಟು ಉದ್ದಕ್ಕೆ, ಕಾಯಿಲಿನ ವೋಲ್ಟು ಅಡ್ಡಕ್ಕೆ. ಹೌದಾ?"

ಮೇಷ್ಟ್ರು ಅವಳನ್ನೇ ನೋಡಿದರು. "ಹೌದು. ಕರೆಂಟು ಹಿಂದೆ ಮುಂದೆ ಆಡ್ತಿರುತ್ತಲ್ಲ, ಬಲ್ಬಿನದು ತುದಿ ಮುಟ್ಟಿದಾಗ ಕಾಯಿಲಿನದು ಸೊನ್ನೆಯಲ್ಲಿರುತ್ತೆ. ಕಾಲು ಸುತ್ತಿನ ವ್ಯತ್ಯಾಸ. ಯಾಕೆ ಕೇಳಿದ್ರಿ?"

ಅವಳು ಅವರು ಕೆಳಗಿಟ್ಟಿದ್ದ ಸೀಮೆಸುಣ್ಣ ಎತ್ತಿಕೊಂಡು ಬೋರ್ಡಿಗೆ ಹೋದಳು. ಗೋಡೆಗೆ ಏಣಿ ಒರಗಿಸಿದ ಲೆಕ್ಕವನ್ನು ಶಾಲೆಗೆ ಹೋದ ಯಾರೂ ಮರೆಯುವುದಿಲ್ಲ. ನೆಲದ ಮೇಲಿನ ದೂರದ ವರ್ಗ, ಗೋಡೆಯ ಎತ್ತರದ ವರ್ಗ, ಎರಡೂ ಸೇರಿದರೆ ಏಣಿಯ ವರ್ಗ. ಇಲ್ಲಿ ಏಣಿ ಅಂದರೆ ಕೊಟ್ಟ ಇನ್ನೂರು, ನೆಲ ಅಂದರೆ ಬಲ್ಬಿನ ನೂರ ಅರವತ್ತು, ಗೋಡೆ ಅಂದರೆ ಕಾಯಿಲಿನದು, ಅದನ್ನೇ ಹುಡುಕಬೇಕು. ಅವರ ಅಂಗಡಿಯಲ್ಲಿ ಯಾವಾಗಲೂ ಬಲ್ಬಿನದನ್ನು ಮೊದಲು ಬರೆದು ಆಮೇಲೆ ಕೊಟ್ಟದ್ದನ್ನು ಬರೆಯುವುದು ರೂಢಿ. ಅದೇ ರೂಢಿಯಲ್ಲಿ ಅವಳು ನೂರ ಅರವತ್ತರ ವರ್ಗದಿಂದ ಇನ್ನೂರರ ವರ್ಗ ಕಳೆದುಬಿಟ್ಟಳು. ಇಪ್ಪತ್ತೈದು ಸಾವಿರದ ಆರುನೂರರಲ್ಲಿ ನಲವತ್ತು ಸಾವಿರ ಹೋದರೆ ಮೈನಸ್ ಹದಿನಾಲ್ಕು ಸಾವಿರದ ನಾನೂರು. ಒಂದು ವಾರದ ಹಿಂದಾಗಿದ್ದರೆ ಮೈನಸ್ ನೋಡಿ ನಾಲಿಗೆ ಕಚ್ಚಿಕೊಂಡು ಅಳಿಸುತ್ತಿದ್ದಳು. ಈಗ ಅದರ ವರ್ಗಮೂಲ ತೆಗೆದಳು. ನೂರ ಇಪ್ಪತ್ತು ಐ.

ನೂರ ಇಪ್ಪತ್ತು. ಕಾಯಿಲಿನ ಮೇಲೆ ಮೀಟರ್ ತೋರಿಸಿದ್ದ ಅದೇ ನೂರ ಇಪ್ಪತ್ತು. ಜೊತೆಗೆ ಐ ಬೇರೆ, ನಾನು ಅಡ್ಡಕ್ಕಿದ್ದೀನಿ ಕಣಮ್ಮಾ ಎಂದು ಕೈ ಎತ್ತಿ ಹೇಳುತ್ತಿತ್ತು. ಅವಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. ಕ್ಲಾಸು ಮುಗಿಯುವುದಕ್ಕೆ ಇನ್ನೂ ಅರ್ಧ ಹೊತ್ತು ಬಾಕಿಯಿತ್ತು. "ಸರ್, ನಾನು ಹೊರಟೆ," ಎಂದವಳೇ ಬ್ಯಾಗು ಎತ್ತಿಕೊಂಡು ಓಡಿದಳು. ಮೆಟ್ಟಿಲಿಳಿಯುವಾಗ ಹಿಂದೆ ಮೇಷ್ಟ್ರು ಉಳಿದವರನ್ನು ಒಬ್ಬೊಬ್ಬರಾಗಿ ಎಬ್ಬಿಸಿ ಕಿಟಕಿ ಕಡೆ ತಿರುಗಿಸುತ್ತಿದ್ದದ್ದು ಕೇಳಿಸಿತು.

ಅಂಗಡಿಯಲ್ಲಿ ಮಾವ ಇನ್ನೂ ಟೇಬಲ್ಲಿನ ಮುಂದೆಯೇ ಇದ್ದರು. ಅವಳು ಏದುಸಿರು ಬಿಡುತ್ತಾ ಹೇಳಿದ್ದರಲ್ಲಿ ಅವರಿಗೆ ಕಿಟಕಿ, ಬಾಗಿಲು, ಏಣಿ ಇಷ್ಟೇ ಅರ್ಥವಾದದ್ದು.

"ಯಾರ ಮನೆ ಕಿಟಕಿ?" ಎಂದರು.

"ಕಿಟಕಿ ಬಿಡಿ ಮಾವ. ನೀವು ಒಂದು ಕಾಯಿಲ್ ಕಟ್ಟಿ. ಅತ್ತೆ ಬಲ್ಬಿನ ಮೀಟರ್ ಮಾತ್ರ ಓದಲಿ, ಕಾಯಿಲಿನದು ಓದೋದು ಬೇಡ. ಅದೆಷ್ಟು ಅಂತ ನಾನು ಹೇಳ್ತೀನಿ."

ಮಾವ ಮೂಗು ಮುರಿದರು, ಆದರೆ ಕಟ್ಟಿದರು. ಅತ್ತೆ ಕಾಯಿಲಿನ ಮೀಟರಿನ ಮೇಲೆ ಅಂಗೈ ಮುಚ್ಚಿಕೊಂಡು ನಿಂತರು. ಬಲ್ಬಿನದು ನೂರ ಇಪ್ಪತ್ತು ಎಂದರು. ಸೊಸೆ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಸೀಮೆಸುಣ್ಣದಲ್ಲಿ ಗೀಚಿದಳು. "ನೂರ ಅರವತ್ತು ಐ."

"ಐ ಗೀ ಎಲ್ಲ ಮೀಟರಿನಲ್ಲಿ ಇಲ್ಲ ಕಣೇ," ಎಂದು ಅತ್ತೆ ಕೈ ತೆಗೆದರು. ಬಗ್ಗಿ ನೋಡಿದರು. ಆಮೇಲೆ ಗಂಡನ ಕಡೆ ನೋಡಿದರು. "ನೂರ ಅರವತ್ತೇ ಇದೆ, ರೀ."

ಮಾವನಿಗೆ ಅದೃಷ್ಟ ಅನ್ನಿಸಿರಬೇಕು. ಇನ್ನೊಂದು ಕಾಯಿಲ್ ತಂದರು, ಬೇರೆ ಬಲ್ಬು ಹಾಕಿದರು. ಅದೂ ಸರಿಹೋಯಿತು. ಆಗ ಅವರು ತಮಾಷೆ ನಿಲ್ಲಿಸಿದರು. ಇಷ್ಟು ವರ್ಷ ಕೂತು ಕೂತು ತಿಳಿದುಕೊಂಡ ಸೊಕ್ಕನ್ನು ಈ ಹುಡುಗಿ ನೆಲದ ಮೇಲೆ ಕೂತು ಎಣಿಸಿ ಹೇಳುತ್ತಿದ್ದಾಳೆ. ಹೊಟ್ಟೆಕಿಚ್ಚಾಯಿತೋ ಸಂತೋಷವಾಯಿತೋ ಅವರಿಗೇ ಗೊತ್ತಾಗಲಿಲ್ಲ. ಮೂಲೆಯಲ್ಲಿದ್ದ ದೊಡ್ಡದೊಂದನ್ನು ತೋರಿಸಿದರು.

"ಅದನ್ನ ತಗೊಂಡು ಬಾ. ನಾಳೆ ಬೆಳಿಗ್ಗೆ ಲಾಂಡ್ರಿಗೆ ಹೋಗಬೇಕು. ಮಧ್ಯಾಹ್ನ ನಾನೇ ಪಾಸ್ ಮಾಡಿದ್ದೀನಿ. ನಿನ್ನ ಲೆಕ್ಕ ಏನು ಹೇಳುತ್ತೆ ನೋಡೋಣ."

ಅದು ಸೊಸೆಯೇ ಸುತ್ತಿದ್ದ ಕಾಯಿಲ್. ಬಟ್ಟೆ ಒಗೆಯುವ ಮೆಷಿನ್ನಿನ ದೊಡ್ಡ ಮೋಟರಿನದು, ದಪ್ಪ ತಂತಿ, ಒಂದು ಸುತ್ತಿನ ಮೇಲೆ ಇನ್ನೊಂದು ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಕೂರಿಸಿದ್ದಳು. ಮುಗಿದ ದಿನ ಮಾವ ಅದರ ಮೇಲೆ ಕೈಯಾಡಿಸಿ, "ನಾನೂ ಹೀಗೆ ಸುತ್ತಿಲ್ಲ," ಎಂದಿದ್ದರು. ಆ ಮಾತಿಗೆ ಅವಳು ಎರಡು ದಿನ ನೆಲದ ಮೇಲೆ ಇರಲಿಲ್ಲ.

ಕಟ್ಟಿದರು. ಬಲ್ಬಿನದು ನೂರ ಇಪ್ಪತ್ತೈದು. ಅವಳು ಲೆಕ್ಕ ಹಾಕಿದಳು. "ಹೆಚ್ಚುಕಮ್ಮಿ ನೂರ ಐವತ್ತಾರು ಐ."

ಅತ್ತೆ ಕೈ ತೆಗೆದರು. ಈ ಸಲ ಬಗ್ಗಿ ಎರಡೆರಡು ಸಲ ನೋಡಿದರು. "ನೂರ ಇಪ್ಪತ್ತೈದು," ಎಂದರು ಮೆಲ್ಲಗೆ. "ನಾನು ಸರಿಯಾಗೇ ನೋಡಿದೆ ಕಣೇ. ನೂರ ಇಪ್ಪತ್ತೈದೇ."

ಸೊಸೆ ನೆಲದ ಮೇಲಿನ ಲೆಕ್ಕವನ್ನು ಮೊದಲಿನಿಂದ ಇನ್ನೊಮ್ಮೆ ಹಾಕಿದಳು.

"ನೋಡಿದೆಯಾ?" ಎಂದರು ಮಾವ. ಧ್ವನಿಯಲ್ಲಿ ಗೆಲುವೇನೂ ಇರಲಿಲ್ಲ, ಪಾಪ, ಅವರಿಗೂ ಬೇಜಾರೇ ಆಗಿತ್ತು. "ಎರಡೂ ಕೂಡಿದ್ರೆ ಇನ್ನೂರೈವತ್ತು. ಐವತ್ತು ಸೊಕ್ಕು ಇದೆ, ಕಾಯಿಲ್ ಚೆನ್ನಾಗೇ ಇದೆ. ನಿನ್ನ ಐ ಕೈಕೊಟ್ಟಿತು ಅಷ್ಟೇ. ಹೋಗಲಿ ಬಿಡಮ್ಮ, ಕೈ ತೊಳ್ಕೋ, ಊಟ ಮಾಡೋಣ."

ಅವಳು ಏಳಲಿಲ್ಲ. ಐ ಕೈಕೊಟ್ಟಿತೋ, ಕಾಯಿಲ್ ಕೈಕೊಟ್ಟಿತೋ? ನೆಲದ ಮೇಲೆ ಟೇಪು ಹಿಡಿದು ಮೂರು ಗೆರೆ ಎಳೆದಳು. ಬಲ್ಬಿನದು ಉದ್ದಕ್ಕೆ ನೂರ ಇಪ್ಪತ್ತೈದು, ಅದರ ತುದಿಯಿಂದ ಕಾಯಿಲಿನದು ನೂರ ಇಪ್ಪತ್ತೈದು, ಮೊದಲ ತುದಿಯಿಂದ ಕೊನೆಯ ತುದಿಗೆ ನೇರ ದೂರ ಇನ್ನೂರು ಆಗಬೇಕು. ಕಾಯಿಲಿನ ಗೆರೆಯನ್ನು ನೆಟ್ಟಗೆ ಅಡ್ಡ ನಿಲ್ಲಿಸಿದರೆ ಇನ್ನೂರು ಮುಟ್ಟುತ್ತಲೇ ಇರಲಿಲ್ಲ. ಸ್ವಲ್ಪ ಮುಂದಕ್ಕೆ ವಾಲಿಸಿದರೆ ಮುಟ್ಟುತ್ತಿತ್ತು. ವಾಲಿದ್ದೆಷ್ಟು ಎಂದು ಅಳೆದಳು. ಅಡ್ಡಕ್ಕೆ ನೂರ ಇಪ್ಪತ್ತು, ಉದ್ದಕ್ಕೆ ಮೂವತ್ತೈದು. ಉದ್ದಕ್ಕೆ ಹೋಗುವುದು ಅಂದರೆ ಬಲ್ಬಿನ ಹಾಗೆ ಬಿಸಿಯಾಗುವುದು. ಇಷ್ಟು ದಪ್ಪ ತಂತಿ ಸುಮ್ಮಸುಮ್ಮನೆ ಬಿಸಿಯಾಗುವುದಿಲ್ಲ. ಬ್ಯಾಟರಿ ಹಾಕಿ ಕರೆಂಟಿಗೆ ತಂತಿ ತಾನಾಗಿ ಒಡ್ಡುವ ತಡೆ ನೋಡಿದಳು, ಲೆಕ್ಕಕ್ಕೇ ಬಾರದಷ್ಟು ಕಮ್ಮಿ. ಹಾಗಾದರೆ ಆ ಮೂವತ್ತೈದು ಎಲ್ಲಿಂದ ಬಂತು? ಒಳಗೆ ಎಲ್ಲೋ ಎರಡು ಸುತ್ತು ಒಂದಕ್ಕೊಂದು ತಗುಲಿ, ಕರೆಂಟು ಅಲ್ಲಲ್ಲೇ ಸುತ್ತಿ ಬಿಸಿಯಾಗುತ್ತಿದೆ.

"ಮಾವ, ಇದನ್ನ ಕಳಿಸಬಾರದು. ಕತ್ತರಿಸಬೇಕು."

"ನೀನೇ ಸುತ್ತಿದ್ದು."

"ಗೊತ್ತು."

"ನಿನ್ನೆ ಮೂರು ಕತ್ತರಿಸಿದೆ, ನಾನು ಹೊಟ್ಟೆಗೆ ಹಾಕ್ಕೊಂಡೆ," ಎಂದರು ಮಾವ. "ಇದೂ ಚೆನ್ನಾಗಿದ್ರೆ ಟೇಬಲ್ಲಿನ ಮಾತು ಮತ್ತೆ ಈ ಮನೆಯಲ್ಲಿ ಎತ್ತೋ ಹಾಗಿಲ್ಲ. ಯೋಚನೆ ಮಾಡು."

ಕಳಿಸಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಎರಡು ಸರಿಹೋಗಿವೆ, ಮೂರನೆಯದು ಏನೋ ಹೆಚ್ಚುಕಮ್ಮಿ ಎಂದು ನಕ್ಕು ಊಟಕ್ಕೆ ಕೂತರೆ, ನಾಳೆ ಅತ್ತೆ ಹೇಗಾದರೂ ಮಾತಾಡಿ ಟೇಬಲ್ಲು ಕೊಡಿಸಿಯಾರು. ಕತ್ತರಿಸಿ ಏನೂ ಸಿಗದಿದ್ದರೆ ಎಲ್ಲವೂ ಮಣ್ಣುಪಾಲು. ಅತ್ತೆ ಹಿಂದಿನಿಂದ ಬೇಡ ಎಂದು ಕೈಯಾಡಿಸುತ್ತಿದ್ದರು. ಅವಳು ಪ್ಲೇಯರ್ ಕೈಗೆತ್ತಿಕೊಂಡಳು.

ಮೊದಲನೆಯ ಕಡೆ ಕತ್ತರಿಸಿ ಸುತ್ತು ಸುತ್ತಾಗಿ ಬಿಡಿಸಿದಳು. ತಂತಿ ಹೊಸದಾಗಿ ಬಂದಷ್ಟೇ ಚೊಕ್ಕವಾಗಿತ್ತು. ಎರಡನೆಯ ಕಡೆಯೂ ಚೊಕ್ಕ. ಇಷ್ಟು ಚೆನ್ನಾಗಿ ಸುತ್ತಿದ್ದನ್ನು ತನ್ನ ಕೈಯಾರೆ ಹಾಳುಮಾಡುತ್ತಿದ್ದೇನಲ್ಲ ಎಂದುಕೊಂಡಳು. ಅತ್ತೆ ಸ್ಟೂಲು ಎಳೆದುಕೊಂಡು ಕೂತರು. ತಂತಿ ಬಿಡಿಸುತ್ತಾ ಬಿಡಿಸುತ್ತಾ ತಂತಿ ಕೂರಿಸುವ ಕೊನೆಯ ಸಂದಿಗೆ ಬಂದಳು. ಅಲ್ಲಿ ಜಾಗ ಸಾಲದೆ ಮರದ ಸುತ್ತಿಗೆಯಿಂದ ಎರಡೇಟು ಜೋರಾಗಿ ಬಡಿದು ಕೂರಿಸಿದ್ದು ಅವಳಿಗೀಗ ನೆನಪಿಗೆ ಬಂತು. ಅಂದವಾಗಿ ಕಾಣಲಿ ಎಂದು ಬಡಿದಿದ್ದಳು. ಆ ಏಟು ಬಿದ್ದ ಜಾಗದಲ್ಲಿ ಎರಡು ತಂತಿಗಳ ವಾರ್ನಿಷ್ ಎದ್ದುಹೋಗಿತ್ತು, ಬರಿಯ ತಾಮ್ರ ಒಂದಕ್ಕೊಂದು ಅಂಟಿಕೊಂಡಿತ್ತು, ಸುತ್ತಲೂ ಆಗಲೇ ಕಪ್ಪಾಗಿತ್ತು.

"ಸಿಕ್ತು," ಎಂದಳು. ಇನ್ನೊಮ್ಮೆ ಹೇಳಿದಳು. "ಸಿಕ್ತು ಮಾವ, ಇಲ್ಲಿದೆ. ನಾನೇ ಬಡಿದು ಹಾಳುಮಾಡಿದ್ದು." ಹೇಳುತ್ತಾ ಹೇಳುತ್ತಾ ನಕ್ಕುಬಿಟ್ಟಳು. ತನ್ನ ತಪ್ಪು ಸಿಕ್ಕಿದ್ದಕ್ಕೆ ಇಷ್ಟು ಖುಷಿಪಟ್ಟವರನ್ನು ಅತ್ತೆ ಅಲ್ಲಿಯವರೆಗೂ ನೋಡಿರಲಿಲ್ಲ.

ಮಾವನಿಗೆ ಕಾಣುತ್ತಿರಲಿಲ್ಲ. ಅವಳು ಅವರ ತೋರುಬೆರಳು ಹಿಡಿದು ಆ ಜಾಗದ ಮೇಲೆ ಇಟ್ಟಳು. ಅವರು ಒಂದು ಸಲ ಸವರಿದರು, ಇನ್ನೊಂದು ಸಲ ಸವರಿದರು. ಬೆರಳಿಗೆ ಮಸಿ ಹತ್ತಿತು.

"ಇದು ಲಾಂಡ್ರಿಗೆ ಹೋಗಿದ್ರೆ ಒಂದು ವಾರದಲ್ಲಿ ಹೊಗೆ ಎದ್ದಿರೋದು," ಎಂದರು. "ನಾನು ಪಾಸ್ ಮಾಡಿದ್ದೆ."

ಮಾವ ಬೆರಳನ್ನು ಒರೆಸಿಕೊಳ್ಳದೆ ಹಾಗೇ ಕೂತಿದ್ದರು. ಆಮೇಲೆ ಗೋಡೆ ಹಿಡಿದುಕೊಂಡು ಟೇಬಲ್ಲಿನ ಮುಂದಿನ ಕುರ್ಚಿಯಿಂದ ಎದ್ದರು.

"ಅವನಿಗೆ ಫೋನ್ ಮಾಡಿ ಸೋಮವಾರ ಬರೋದು ಬೇಡ ಅನ್ನು," ಎಂದರು ಹೆಂಡತಿಗೆ. ಅತ್ತೆ ಆಗಲೇ ಫೋನು ಕಿವಿಗೆ ಹಿಡಿದಿದ್ದರು.

"ಮಾವ, ಲಾಂಡ್ರಿಯವರಿಗೆ ಏನು ಹೇಳೋಣ?"

"ಒಂದು ದಿನ ತಡ ಆಗುತ್ತೆ ಅಂತ ನಾನು ಹೇಳ್ತೀನಿ. ನೀನು ಬೆಳಿಗ್ಗೆ ಎದ್ದು ಹೊಸದಾಗಿ ಸುತ್ತು." ಅವರು ಬಾಗಿಲವರೆಗೆ ಹೋಗಿ ನಿಂತರು, ತಿರುಗಲಿಲ್ಲ. "ಸುತ್ತಿ ಆದ್ಮೇಲೆ ನನ್ನನ್ನ ಕರೀಬೇಡ. ಸರಿಯಿದೆಯೋ ಇಲ್ಲವೋ ಅಂತ ಹೇಳೋಳು ಇನ್ಮೇಲೆ ನೀನೇ."